ಬೇಸಿಗೆಯ ದಾರಿ, ಮಳೆಗಾಲದ ಹಳ್ಳ: ಶಿಕಾರಿಪುರ–ಸೊರಬ ಸೀಮೆಯ ಜಲಮಾರ್ಗ ಸಮೀಕ್ಷೆಗಳ ಚಾರಿತ್ರಿಕ ಅವಲೋಕನ

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕರ್ನಾಟಕದ ಚರಿತ್ರೆಯ ಅಭ್ಯಾಸಿಗಳಿಗೆ ಶಾಸನಗಳ ಸೀಮೆಯೆಂದೇ ಪರಿಚಿತವಾಗಿವೆ. ತಾಳಗುಂದ, ಮಳವಳ್ಳಿ, ಬಳ್ಳಿಗಾವೆ, ಬಂದಳಿಕೆ, ಕುಬಟೂರು, ಉದ್ರಿ, ಚಂದ್ರಗುತ್ತಿ ಮೊದಲಾದ ಊರುಗಳನ್ನು ಬಿಟ್ಟು ಕದಂಬರಿಂದ ಕೆಳದಿ ಅರಸರವರೆಗಿನ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲ. ಈ ಊರುಗಳ ಅರಸುಮನೆತನಗಳು, ಮಠಗಳು, ಅಗ್ರಹಾರಗಳು, ವೀರಗಲ್ಲು ಹಾಗೂ ಮಹಾಸತಿಕಲ್ಲುಗಳನ್ನು ಕುರಿತು ಸಾಕಷ್ಟು ಅಧ್ಯಯನಗಳು ನಡೆದಿವೆ. ಆದರೆ ಈ ಶಾಸನಗಳು ನಿಂತಿರುವ ನೆಲದ ಮೇಲೆ ನೀರು ಹೇಗೆ ಹರಿಯುತ್ತದೆ, ಆ ನೀರಿನ ನಡುವೆ ಜನರು ಹೇಗೆ ದಾರಿ ಮಾಡಿಕೊಂಡರು ಎಂಬ ವಿಚಾರ ಅಷ್ಟಾಗಿ ವಿದ್ವಾಂಸರ ಗಮನ ಸೆಳೆದಿಲ್ಲ. ಕೆರೆಯನ್ನು ನೀರಾವರಿಯ ಚರಿತ್ರೆಯಲ್ಲಿಯೂ ದಾರಿಯನ್ನು ವ್ಯಾಪಾರದ ಚರಿತ್ರೆಯಲ್ಲಿಯೂ ಬೇರೆ ಬೇರೆಯಾಗಿ ಇರಿಸಿ ನೋಡುವ ರೂಢಿ ನಮ್ಮಲ್ಲಿ ಬೆಳೆದುಬಂದಿದೆ.

ಈ ಸೀಮೆಯ ಕ್ಷೇತ್ರಕಾರ್ಯದಲ್ಲಿ ತೊಡಗಿದ್ದ ಪ್ರಸ್ತುತ ಲೇಖಕನೂ ಆರಂಭದಲ್ಲಿ ಇದೇ ತಪ್ಪನ್ನು ಮಾಡಿದ್ದನು. ಸೊರಬ ತಾಲ್ಲೂಕಿನ ಒಂದು ಊರಿನಲ್ಲಿ ಬೇಸಿಗೆಯ ದಿನಗಳಲ್ಲಿ ಕೆರೆಯ ಕೋಡಿಯಿಂದ ಗದ್ದೆಯ ಬಯಲಿಗೆ ಇಳಿಯುವ ಒಂದು ಹಾದಿಯನ್ನು ಟಿಪ್ಪಣಿ ಪುಸ್ತಕದಲ್ಲಿ ‘ಹಳೆಯ ಗಾಡಿದಾರಿ’ ಎಂದು ಗುರುತಿಸಿಕೊಳ್ಳಲಾಗಿತ್ತು. ಅದೇ ಊರಿಗೆ ಆರಿದ್ರಾ ಮಳೆಯಲ್ಲಿ ಮತ್ತೆ ಹೋದಾಗ ಆ ಹಾದಿಯಲ್ಲಿ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಊರಿನ ಹಿರಿಯರೊಬ್ಬರು ನಗುತ್ತಾ ಹೇಳಿದರು: “ನೀವು ಬರಕೊಂಡಿದ್ದು ದಾರಿನೂ ಹೌದು, ಹಳ್ಳನೂ ಹೌದು ಮಾರಾಯ್ರೆ. ಬ್ಯಾಸಿಗೇಲಿ ನಾವು ಹೋಗ್ತೀವಿ, ಮಳೆಗಾಲದಲ್ಲಿ ಮೀನು ಬರ್ತಾವೆ.” ಈ ಮಾತು ಪ್ರಸ್ತುತ ಲೇಖನದ ಮೂಲ ಪ್ರೇರಣೆಯಾಗಿದೆ.

ಶಿಕಾರಿಪುರ–ಸೊರಬ ಸೀಮೆಯಲ್ಲಿ ಹಳ್ಳ ಮತ್ತು ದಾರಿ ಅನೇಕ ಕಡೆ ಒಂದೇ ನೆಲದ ಎರಡು ಋತುಗಳ ರೂಪಗಳಾಗಿವೆ. ಈ ನೆಲವನ್ನು ಕಾಲಕಾಲಕ್ಕೆ ಅಳೆದ, ಎಣಿಸಿದ, ಬರೆದುಕೊಂಡ ಸಮೀಕ್ಷೆಗಳು ಬಹುಮಟ್ಟಿಗೆ ಒಂದೇ ಋತುವಿನ ಸಾಕ್ಷ್ಯಗಳು. ಇನ್ನೊಂದು ಋತುವಿನ ತಿಳಿವಳಿಕೆ ಜನಪದರ ಆಚರಣೆ, ಮಾತು ಮತ್ತು ಊರಹೆಸರುಗಳಲ್ಲಿ ಉಳಿದಿದೆ. ಈ ಎರಡನ್ನೂ ಜೊತೆಯಲ್ಲಿರಿಸಿ ನೋಡುವ ಪ್ರಯತ್ನವನ್ನು ಇಲ್ಲಿ ಮಾಡಲಾಗಿದೆ.

ಹೊಳೆ, ಕೆರೆ ಮತ್ತು ಕಾನು

ಈ ಸೀಮೆಯು ಪೂರ್ಣ ಮಲೆನಾಡೂ ಅಲ್ಲದ, ಪೂರ್ಣ ಬಯಲುಸೀಮೆಯೂ ಅಲ್ಲದ ಅರೆಮಲೆನಾಡು. ಸೊರಬದ ಪಶ್ಚಿಮದ ಅಂಚಿನಲ್ಲಿ ಮಳೆ ಹೆಚ್ಚು. ಶಿಕಾರಿಪುರದ ಪೂರ್ವದ ಕಡೆಗೆ ಸಾಗಿದಂತೆ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಇಲ್ಲಿನ ಮುಖ್ಯ ಹೊಳೆಗಳು ಮೂರು. ಸಾಗರ ತಾಲ್ಲೂಕಿನ ಇಕ್ಕೇರಿಯ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದೆಯು ಸೊರಬ ಸೀಮೆಯನ್ನು ಹಾದು ಬನವಾಸಿಯನ್ನು ಬಳಸಿ ಮುಂದೆ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಸೊರಬ ಪಟ್ಟಣದ ಪಕ್ಕದಲ್ಲಿ ಹರಿಯುವ ದಂಡಾವತಿಯು ಬಂಕಸಾಣದ ಬಳಿ ವರದೆಯೊಡನೆ ಕೂಡುತ್ತದೆ. ಹುಂಚದ ಸಮೀಪದ ಬಿಲ್ಲೇಶ್ವರದಲ್ಲಿ ಹುಟ್ಟುವ ಕುಮುದ್ವತಿಯು ಶಿಕಾರಿಪುರ ತಾಲ್ಲೂಕನ್ನು ಹಾದು ಮಾಸೂರಿನ ಮದಗದ ಕೆರೆಯನ್ನು ತುಂಬಿ ತುಂಗಭದ್ರೆಯ ಕಡೆಗೆ ಸಾಗುತ್ತದೆ. ಹೀಗೆ ಮೂರೂ ಹೊಳೆಗಳ ನೀರು ಕೊನೆಗೆ ಕೃಷ್ಣೆಯ ಪಾಲಾಗುತ್ತದೆ.

ಹೊಳೆಗಳಿಗಿಂತಲೂ ಈ ಸೀಮೆಯ ಲಕ್ಷಣವನ್ನು ನಿರ್ಧರಿಸಿರುವುದು ಇಲ್ಲಿನ ನೂರಾರು ಕೆರೆಗಳು. ಎರಡು ದಿಬ್ಬಗಳ ನಡುವಿನ ತಗ್ಗಿಗೆ ಅಡ್ಡವಾಗಿ ಏರಿ ಕಟ್ಟಿ, ಒಂದು ಬದಿಯಲ್ಲಿ ಕೋಡಿಯನ್ನು ಬಿಟ್ಟು, ಏರಿಯ ಕೆಳಗೆ ತೂಬಿನ ಮೂಲಕ ಗದ್ದೆಗೆ ನೀರು ಹರಿಸುವುದು ಇವುಗಳ ಸಾಮಾನ್ಯ ರಚನೆ. ಮೇಲಿನ ಕೆರೆಯ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ. ಅದು ತುಂಬಿದರೆ ಅದಕ್ಕೂ ಕೆಳಗಿನದಕ್ಕೆ. ಈ ಸರಪಳಿಯ ಕೊಂಡಿಗಳೇ ಮಳೆಗಾಲದ ಹಳ್ಳಗಳು. ವರ್ಷದ ಏಳೆಂಟು ತಿಂಗಳು ಇವುಗಳಲ್ಲಿ ಅನೇಕ ಹಳ್ಳಗಳು ಒಣಗಿ, ಮರಳು ಮತ್ತು ಸಣ್ಣ ಕಲ್ಲಿನ ಹಾಸಾಗಿ, ಗಾಡಿಗೂ ದನಗಳಿಗೂ ಸುಗಮವಾದ ಹಾದಿಗಳಾಗುತ್ತವೆ. ತಗ್ಗಿನ ನೆಲದಲ್ಲಿ ಗದ್ದೆಯೂ ದಿಬ್ಬದಲ್ಲಿ ಕಾಡೂ ಇರುವಾಗ, ಎರಡರ ನಡುವೆ ಯಾರ ಬೆಳೆಯನ್ನೂ ತುಳಿಯದೆ ನಡೆಯಬಹುದಾದ ಜಾಗವೆಂದರೆ ಒಣಗಿದ ಹಳ್ಳದ ಪಾತ್ರ ಮತ್ತು ಕೆರೆಯ ಏರಿ ಇವೆರಡೇ.

ಕೆರೆಗಳ ಹಿಂದೆ ಕಾನುಗಳಿವೆ. ಎಲೆಯುದುರುವ ಕಾಡಿನ ನಡುವೆ ದ್ವೀಪಗಳಂತೆ ಉಳಿದಿರುವ ನಿತ್ಯಹಸುರಿನ ದಟ್ಟ ಕಾಡನ್ನು ಇಲ್ಲಿಯವರು ‘ಕಾನು’ ಎಂದು ಕರೆಯುತ್ತಾರೆ. ಕಾಡುಮೆಣಸು, ಬೈನೆ ಮೊದಲಾದವು ಇಲ್ಲಿನ ಉತ್ಪನ್ನಗಳು. ಕಾನಿನೊಳಗೆ ಚೌಡಿ, ಭೂತಪ್ಪ, ನಾಗ ಮೊದಲಾದ ದೈವಗಳ ನೆಲೆಗಳಿರುವುದು ಸಾಮಾನ್ಯ. ಅನೇಕ ಹಳ್ಳಗಳ ಒರತೆಗಳು ಕಾನಿನ ತಂಪಿನಲ್ಲಿಯೇ ಹುಟ್ಟುತ್ತವೆ. ಹೀಗಾಗಿ ಕಾನು, ಕೆರೆ, ಹಳ್ಳ, ಗದ್ದೆ, ಹೊಳೆ ಇವು ಐದೂ ಒಂದೇ ವ್ಯವಸ್ಥೆಯ ಅಂಗಗಳು.

ಶಾಸನಗಳಲ್ಲಿ ನೀರು ಮತ್ತು ಬಟ್ಟೆ

ಈ ಸೀಮೆಯ ಅತ್ಯಂತ ಪ್ರಸಿದ್ಧ ದಾಖಲೆಯಾದ ತಾಳಗುಂದದ ಸ್ತಂಭಶಾಸನವನ್ನು ಕದಂಬರ ವಂಶಚರಿತ್ರೆಯ ಆಕರವೆಂದು ಓದುವುದು ವಾಡಿಕೆ. ಮಯೂರಶರ್ಮನ ಕಂಚಿಯ ಪ್ರಸಂಗ, ಕಾಕುತ್ಸ್ಥವರ್ಮನ ಕಾಲದ ವೈವಾಹಿಕ ಸಂಬಂಧಗಳು ಇದರಿಂದಲೇ ತಿಳಿದುಬಂದಿವೆ. ಆದರೆ 5ನೆಯ ಶತಮಾನದ ಈ ಶಾಸನದ ನೇರ ಉದ್ದೇಶ ಒಂದು ಜಲಾಶಯವನ್ನು ಕುರಿತದ್ದಾಗಿದೆ. ಶಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದ ಶಿವಾಲಯದ ಬಳಿ ಕಾಕುತ್ಸ್ಥವರ್ಮನು ಕೆರೆಯನ್ನು ಮಾಡಿಸಿದನೆಂಬುದನ್ನು ಹೇಳುವುದಕ್ಕಾಗಿ ಅವನ ಮಗನಾದ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಇದನ್ನು ರಚಿಸಿದನು. ಮಯೂರಶರ್ಮನದೆಂದು ಹೇಳಲಾಗುವ ಚಿತ್ರದುರ್ಗದ ಚಂದ್ರವಳ್ಳಿಯ ಶಾಸನವೂ ಕೆರೆಯನ್ನು ಕುರಿತದ್ದೇ ಆಗಿದೆ. ಬನವಾಸಿಯ ಸಮೀಪದ ಗುಡ್ನಾಪುರದ ರವಿವರ್ಮನ ಶಾಸನದಲ್ಲಿಯೂ ಕೆರೆಯ ಉಲ್ಲೇಖವಿದೆ. ಕನ್ನಡನಾಡಿನ ಮೊದಲ ಅರಸುಮನೆತನದ ಮುಖ್ಯ ದಾಖಲೆಗಳಲ್ಲಿ ಕೆರೆಗೆ ಇಷ್ಟು ಸ್ಥಾನವಿರುವುದು ಗಮನಾರ್ಹವಾದುದು.

ಬಳ್ಳಿಗಾವೆಯ ನಿದರ್ಶನವು ಇನ್ನೂ ಸ್ವಾರಸ್ಯಕರವಾಗಿದೆ. ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿದ್ದ ಈ ಪಟ್ಟಣದಲ್ಲಿ ಕಾಳಾಮುಖ ಯತಿಗಳ ವಿದ್ಯಾಕೇಂದ್ರವಾಗಿದ್ದ ಕೋಡಿಯಮಠ ಇತ್ತು. ಕೇದಾರೇಶ್ವರ ದೇವಾಲಯಕ್ಕೆ ಸಂಬಂಧಿಸಿದ ಈ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುತ್ತಿದ್ದುದನ್ನೂ, ದೀನರಿಗೆ ಅನ್ನ ಮತ್ತು ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನೂ ಕಳಚೂರಿ ಬಿಜ್ಜಳನ ಕಾಲದ 1162ರ ಶಾಸನ ವರ್ಣಿಸುತ್ತದೆ. ಇಂತಹ ಮಹತ್ವದ ಸಂಸ್ಥೆಗೆ ಹೆಸರು ಬಂದದ್ದು ಯಾವ ಗುರುವಿನಿಂದಲೂ ಅಲ್ಲ, ಪಕ್ಕದ ಕೆರೆಯ ಕೋಡಿಯಿಂದ. ಕೋಡಿ ಎಂದರೆ ಹೆಚ್ಚಾದ ನೀರು ಹೊರಹೋಗುವ ಸ್ಥಳ. ಅದೇ ಏರಿಯ ಮೇಲೆ ನಡೆದು ಬರುವವರು ಊರನ್ನು ಪ್ರವೇಶಿಸುವ ಸ್ಥಳವೂ ಆಗಬಲ್ಲದು. ದಾರಿಹೋಕನಿಗೆ ಅನ್ನ, ರೋಗಿಗೆ ಔಷಧ ನೀಡುವ ಮಠವು ಇಂತಹ ಜಾಗದಲ್ಲಿ ನೆಲೆಗೊಂಡುದು ಆಕಸ್ಮಿಕವೆನಿಸುವುದಿಲ್ಲ.

ದಾನಶಾಸನಗಳ ಎಲ್ಲೆಯ ವಿವರಗಳು ಈ ದೃಷ್ಟಿಯಿಂದ ಮರುಓದಿಗೆ ಯೋಗ್ಯವಾಗಿವೆ. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ನಾಲ್ಕೂ ದಿಕ್ಕುಗಳಲ್ಲಿ ಎಲ್ಲೆಯನ್ನು ಹೇಳುವಾಗ ಹಳ್ಳ, ಕೋಡಿ, ಮರ, ಹುತ್ತ, ನಟ್ಟ ಕಲ್ಲು, ಬಟ್ಟೆ ಮೊದಲಾದ ಗುರುತುಗಳು ಬರುತ್ತವೆ. ಹಳಗನ್ನಡದಲ್ಲಿ ‘ಬಟ್ಟೆ’ ಎಂದರೆ ದಾರಿ. ಹೀಗೆ ಎಲ್ಲೆಯನ್ನು ಬರೆಯಿಸಿದವರು ಅದನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡಿರಲೇಬೇಕು. ಆ ಅರ್ಥದಲ್ಲಿ ಇವು ಈ ಸೀಮೆಯ ಮೊದಲ ಕ್ಷೇತ್ರ ಸಮೀಕ್ಷೆಗಳು. ಆದರೆ ಇಲ್ಲೊಂದು ತೊಡಕಿದೆ. ದಾನದ ತಿಥಿಯು ಉತ್ತರಾಯಣ ಸಂಕ್ರಮಣವೋ ಗ್ರಹಣವೋ ಎಂಬುದು ಶಾಸನದಿಂದ ತಿಳಿಯುತ್ತದೆ. ಎಲ್ಲೆಯನ್ನು ಸುತ್ತಿದ ದಿನ ತಿಳಿಯುವುದಿಲ್ಲ. ಒಂದು ಶಾಸನದ ‘ಹಳ್ಳ’ ಮತ್ತು ಇನ್ನೊಂದರ ‘ಬಟ್ಟೆ’ ಒಂದೇ ಗೆರೆಯ ಎರಡು ಹೆಸರುಗಳಾಗಿರಬಹುದೇ ಎಂಬ ಪ್ರಶ್ನೆಯನ್ನು ಸ್ಥಳಕ್ಕೆ ಹೋಗಿ, ಅದರಲ್ಲೂ ಮಳೆಯಲ್ಲಿ ಹೋಗಿ, ಕೇಳಬೇಕಾಗಿದೆ.

ಕೆರೆಯ ನಿರ್ವಹಣೆಗೆ ಸಂಬಂಧಿಸಿದ ಕಟ್ಟುಕೊಡಗೆ, ಬಿತ್ತುವಟ್ಟ, ದಸವಂದ ಮೊದಲಾದ ಪದಗಳು ಕರ್ನಾಟಕದ ಶಾಸನಗಳಲ್ಲಿ ವಿಪುಲವಾಗಿ ಬಂದಿವೆ. ಹೂಳು ತೆಗೆದು ಏರಿಗೆ ಮಣ್ಣು ಹೊರುವ ಬಂಡಿಗಾಗಿ ಭೂಮಿ ಬಿಟ್ಟ ಉಲ್ಲೇಖಗಳೂ ಇವೆ. ಏರಿಗೆ ಮಣ್ಣು ಹಾಕುವುದೆಂದರೆ ನೀರನ್ನು ನಿಲ್ಲಿಸುವ ಕಟ್ಟೆಯನ್ನು ಭದ್ರಪಡಿಸುವುದು. ಅದೇ ಕೆಲಸದಿಂದ ಊರಿಗೆ ಬರುವ ದಾರಿಯೂ ಭದ್ರವಾಗುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಸಮೀಕ್ಷಕರು

1799ರಲ್ಲಿ ಟಿಪ್ಪುಸುಲ್ತಾನನ ಪತನಾನಂತರ ಮೈಸೂರು ಸೀಮೆಯನ್ನು ಅರಿಯುವ ಹೊಸ ಬಗೆಯ ಪ್ರಯತ್ನಗಳು ಆರಂಭವಾದವು. ಕರ್ನಲ್ ಕಾಲಿನ್ ಮೆಕೆಂಜಿಯ ನೇತೃತ್ವದ ಮೈಸೂರು ಸರ್ವೇಕ್ಷಣೆಯು ನಕ್ಷೆಗಳ ಜೊತೆಗೆ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿತು. 1800ರಲ್ಲಿ ಮದರಾಸಿನಿಂದ ಹೊರಟ ಡಾ. ಫ್ರಾನ್ಸಿಸ್ ಬುಕಾನನ್ 1801ರ ಬೇಸಿಗೆಯ ಆರಂಭದಲ್ಲಿ ಕರಾವಳಿಯಿಂದ ಘಟ್ಟವನ್ನೇರಿ, ಸೋಂದೆ ಸೀಮೆಯನ್ನು ದಾಟಿ ಬನವಾಸಿ, ಚಂದ್ರಗುತ್ತಿ, ಕೆಳದಿ, ಇಕ್ಕೇರಿಗಳ ಮೂಲಕ ನಗರದ ಕಡೆಗೆ ಸಾಗಿದನು. ಬೆಳೆ, ಮಣ್ಣು, ಕಾಡಿನ ಉತ್ಪನ್ನ, ಜಾತಿ, ತೆರಿಗೆಗಳನ್ನು ಕುರಿತು ಆತನು ಬರೆದುಕೊಂಡ ವಿವರಗಳು ಇಂದಿಗೂ ಅಮೂಲ್ಯ. ಆದರೆ ಆತನು ಕಂಡದ್ದು ಒಣ ಋತುವಿನ ಸೀಮೆಯನ್ನು. ಪುನರ್ವಸು ಮಳೆಯಲ್ಲಿ ಬಂದಿದ್ದರೆ ಆತನ ದಿನಚರಿಯ ಊರಿಂದೂರಿನ ದೂರಗಳೇ ಬೇರೆಯಾಗುತ್ತಿದ್ದವು. ಕೆಲವು ಊರುಗಳನ್ನು ತಲುಪುವುದೇ ಅಸಾಧ್ಯವಾಗುತ್ತಿತ್ತು.

ಶಾಸನಗಳ ದೃಷ್ಟಿಯಿಂದ ಮೇಜರ್ ಡಿಕ್ಸನ್ 1865ರಲ್ಲಿ ತೆಗೆದ ಛಾಯಾಚಿತ್ರಗಳು, ಬಳಿಕ ಬಿ.ಎಲ್. ರೈಸ್ ಅವರ ವ್ಯಾಪಕವಾದ ಸಂಗ್ರಹಕಾರ್ಯ ಉಲ್ಲೇಖನೀಯವಾದವು. ಶಿಕಾರಿಪುರದ ಶಾಸನಗಳನ್ನೊಳಗೊಂಡ ‘ಎಪಿಗ್ರಾಫಿಯ ಕರ್ನಾಟಿಕ’ದ 7ನೆಯ ಸಂಪುಟ 1902ರಲ್ಲಿಯೂ, ಸೊರಬದ ಶಾಸನಗಳನ್ನೊಳಗೊಂಡ 8ನೆಯ ಸಂಪುಟ 1904ರಲ್ಲಿಯೂ ಪ್ರಕಟವಾದವು. ಒಂದೊಂದು ಊರಿನ ಹೊಲ, ಕೆರೆಯ ಏರಿ, ದೇವಾಲಯದ ಅಂಗಳಗಳಲ್ಲಿದ್ದ ಕಲ್ಲುಗಳನ್ನು ಹುಡುಕಿ ಓದಿದ ಈ ಶ್ರಮಕ್ಕೆ ನಾವು ಚಿರಋಣಿಗಳು. ಕೆರೆಯ ಬಳಿ ಇದೆ, ಏರಿಯ ಮೇಲಿದೆ ಎಂಬ ಸ್ಥಳಸೂಚನೆಗಳನ್ನು ಒಟ್ಟುಗೂಡಿಸಿದರೆ ಈ ಸೀಮೆಯ ಜಲಮಾರ್ಗಗಳ ಒಂದು ನಕ್ಷೆಯೇ ಸಿದ್ಧವಾಗಬಲ್ಲದು. ಯಾವ ಸಮೀಕ್ಷೆಯೂ ಅಂತಿಮವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ರೈಸ್ ಅವರು ಓದಿದ ಸ್ತಂಭವಿರುವ ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿಯೇ, ಒಂದು ಶತಮಾನದ ಬಳಿಕ, 2013ರ ಸುಮಾರಿನ ಉತ್ಖನನದಲ್ಲಿ ಸಿಂಹಕಟಾಂಜನ ಶಾಸನ ಬೆಳಕಿಗೆ ಬಂದಿತು.

ನೀರಿನ ಕಡೆಯಿಂದ ನೋಡುವುದಾದರೆ, 1863ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಂದಾಯ ಭೂಮಾಪನವು ಗದ್ದೆ, ಬೆದ್ದಲು, ಕೆರೆಯಂಗಳಗಳನ್ನು ಸಂಖ್ಯೆಗಳಾಗಿ ವಿಂಗಡಿಸಿತು. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಮೇಜರ್ ಸ್ಯಾಂಕಿಯವರು 1866ರಲ್ಲಿ, ಈ ಸಂಸ್ಥಾನದಲ್ಲಿ ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆನ್ನುವಷ್ಟರ ಮಟ್ಟಿಗೆ ನೀರನ್ನು ತಡೆದು ನಿಲ್ಲಿಸಲಾಗಿದೆಯೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದರು. ಸೊರಬದ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದುದು 1868ರ ಮೇ ತಿಂಗಳಿನ ದಿನಾಂಕವುಳ್ಳ, ಡೀಟ್ರಿಚ್ ಬ್ರಾಂಡಿಸ್ ಮತ್ತು ಗ್ರಾಂಟ್ ಅವರ ಜಂಟಿ ವರದಿ. ಸೊರಬ ತಾಲ್ಲೂಕಿನ ಕಾನುಗಳನ್ನೇ ಕುರಿತ ಈ ವರದಿಯು 171 ಕಾನುಗಳನ್ನೂ ಅವುಗಳ ಸುಮಾರು 13,000 ಹೆಕ್ಟೇರುಗಳಷ್ಟು ವಿಸ್ತೀರ್ಣವನ್ನೂ ದಾಖಲಿಸಿದೆ. ಒಂದು ತಾಲ್ಲೂಕಿನ ಸಾಂಪ್ರದಾಯಿಕ ಕಾಡುಗಳನ್ನು ಹೀಗೆ ಎಣಿಸಿಟ್ಟ ದಾಖಲೆಗಳು ವಿರಳ. ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಕಾನುಗಳ ಅಧ್ಯಯನವನ್ನು ಕೈಗೊಂಡಾಗ ಹತ್ತೊಂಬತ್ತನೆಯ ಶತಮಾನದ ಇಂತಹ ದಾಖಲೆಗಳ ಮಹತ್ವ ಮತ್ತೆ ಬೆಳಕಿಗೆ ಬಂದಿತು. ಆದರೂ ಆ ವರದಿಯ ದೃಷ್ಟಿ ಅರಣ್ಯದ ಆಡಳಿತದ್ದು. ಕಾನಿನಿಂದ ಹೊರಡುವ ಹಳ್ಳವನ್ನು ಅದರ ಕೆಳಗಿನ ಊರು ಹೇಗೆ ಬಳಸುತ್ತಿತ್ತೆಂಬುದು ಅದರ ಮುಖ್ಯ ಪ್ರಶ್ನೆಯಾಗಿರಲಿಲ್ಲ.

ಈ ಸಮೀಕ್ಷಕರ ಶ್ರಮವನ್ನು ಕಡೆಗಣಿಸುವುದು ಇಲ್ಲಿನ ಉದ್ದೇಶವಲ್ಲ. ಡೇರೆ ಹೂಡಿಕೊಂಡು, ಎತ್ತಿನ ಗಾಡಿಗಳಲ್ಲಿ ಸಾಮಾನು ಸಾಗಿಸುತ್ತಾ ಸಂಚರಿಸಬೇಕಾಗಿದ್ದ ಅಧಿಕಾರಿಗಳು ಮಳೆ ನಿಂತ ಮೇಲೆ ಹೊರಡುವುದು ಸಹಜವೇ ಆಗಿತ್ತು. ಆದರೆ ಅದರ ಪರಿಣಾಮವನ್ನು ನಾವು ಗುರುತಿಸಬೇಕು. ದಾರಿ ತೆರೆದಿದ್ದಾಗ ಮಾತ್ರ ಸಮೀಕ್ಷೆ ನಡೆದರೆ, ನಕ್ಷೆಯಲ್ಲಿ ದಾರಿಯೇ ಸ್ಥಿರವೆಂದೂ ಹಳ್ಳವೇ ಆಗಂತುಕವೆಂದೂ ದಾಖಲಾಗುತ್ತದೆ.

ಜನಪದರ ಋತುಮಾನದ ಸಮೀಕ್ಷೆ

ಈ ಸೀಮೆಯ ರೈತನು ಕಾಲವನ್ನು ಮಳೆನಕ್ಷತ್ರಗಳಿಂದ ಅಳೆಯುತ್ತಾನೆ. ಮೇ ಕೊನೆಯ ರೋಹಿಣಿ, ಜೂನ್ ಮೊದಲ ಭಾಗದ ಮೃಗಶಿರ, ಅದರ ನಂತರದ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಹೀಗೆ ಒಂದೊಂದು ಮಳೆಗೂ ಸುಮಾರು ಹದಿನಾಲ್ಕು ದಿನಗಳ ಅವಧಿ. ಇದನ್ನು ಬಿತ್ತನೆಯ ಪಂಚಾಂಗವೆಂದಷ್ಟೇ ಗ್ರಹಿಸುವುದು ಸಾಲದು. ಯಾವ ಮಳೆಗೆ ಯಾವ ಹಳ್ಳ ಹರಿಯಬೇಕು, ಯಾವ ಮಳೆಗೆ ಯಾವ ಕೆರೆ ಕೋಡಿ ಬೀಳಬೇಕು, ಯಾವ ಮಳೆಯ ಬಳಿಕ ಯಾವ ದಾರಿಯಲ್ಲಿ ಗಾಡಿ ಹೋಗಬಾರದು ಎಂಬ ತಿಳಿವಳಿಕೆಯೂ ಇದರಲ್ಲಿ ಸೇರಿದೆ. ಗಾಡಿ ನಿಂತ ಮೇಲೆ ಕಾಲುಸಂಕ ಏಳುತ್ತದೆ. ಅಡಿಕೆಯ ದಬ್ಬೆ ಅಥವಾ ಮರದ ದಿಮ್ಮಿಗಳನ್ನು ಹಳ್ಳಕ್ಕೆ ಅಡ್ಡ ಹಾಕಿ ಮಾಡಿಕೊಳ್ಳುವ ಈ ಸಂಕ ಮಳೆಗಾಲದೊಡನೆ ಬರುತ್ತದೆ, ಮಳೆಗಾಲದೊಡನೆ ಹೋಗುತ್ತದೆ. ಬೇಸಿಗೆಯಲ್ಲಿ ಬಂದ ನಕ್ಷೆಗಾರನಿಗೆ ಅದು ಕಾಣುವುದಿಲ್ಲ.

ಮಳೆಗಾಲದ ಆರಂಭದ ‘ಹತ್ತುಮೀನು’ ಈ ತಿಳಿವಳಿಕೆಯ ಅತ್ಯುತ್ತಮ ಉದಾಹರಣೆ. ಮೊದಲ ದೊಡ್ಡ ಮಳೆಗಳಿಗೆ ಹೊಸನೀರು ಇಳಿಯುತ್ತಿದ್ದಂತೆ ಹೊಳೆ ಮತ್ತು ಕೆರೆಗಳ ಮೀನುಗಳು ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಹಳ್ಳಗಳನ್ನೂ ಗದ್ದೆಯ ಕಾಲುವೆಗಳನ್ನೂ ಏರಿ ಬರುತ್ತವೆ. ಇಲ್ಲಿ ‘ಹತ್ತು’ ಎಂಬುದು ಸಂಖ್ಯಾವಾಚಕವಲ್ಲ, ಏರು ಎಂಬರ್ಥದ ಕ್ರಿಯಾಪದ. ರಾತ್ರಿಯ ವೇಳೆ ಬೆಳಕು ಹಿಡಿದು ಹಳ್ಳದ ದಂಡೆಯಲ್ಲಿ ಕಾಯುವವರಿಗೆ ಯಾವ ಮೀನು ಯಾವ ಕೊಂಡಿಯಲ್ಲಿ ಮೇಲೇರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹಿಂದಿರುಗುತ್ತದೆ ಎಂಬುದು ತಿಳಿದಿರುತ್ತದೆ. ಹಳ್ಳವು ಜೀವಿಗಳ ನೆಲೆಯೆಂಬ ಅರಿವಿನ ಮೌಖಿಕ ದಾಖಲೆ ಇದು. ಮೊಟ್ಟೆ ತುಂಬಿದ ಮೀನನ್ನು ಹಿಡಿಯುವುದರಿಂದ ಸಂತತಿಗೆ ಹಾನಿಯಾಗುತ್ತದೆಯೆಂಬುದೂ ನಿಜ. ಆದ್ದರಿಂದ ಜನಪದರ ರೂಢಿಯೆಲ್ಲವೂ ಪ್ರಕೃತಿಸ್ನೇಹಿಯೆಂದು ಸಾರಾಸಗಟಾಗಿ ಹೊಗಳುವುದು ಸಂಶೋಧಕನಿಗೆ ಉಚಿತವಲ್ಲ. ಅವರ ತಿಳಿವಳಿಕೆಯ ನಿಖರತೆ ಮಾತ್ರ ನಿರ್ವಿವಾದವಾದುದು.

ಬೇಸಿಗೆಯಲ್ಲಿ ಇದರ ಇನ್ನೊಂದು ಮುಖವಾಗಿ ‘ಕೆರೆಬೇಟೆ’ ನಡೆಯುತ್ತದೆ. ಕೆರೆಯ ನೀರು ಸೊಂಟದ ಮಟ್ಟಕ್ಕೋ ಮೊಣಕಾಲ ಮಟ್ಟಕ್ಕೋ ಇಳಿದಾಗ ಊರಿನವರು ಸೇರಿ ದಿನ ಗೊತ್ತುಮಾಡಿ ಸುತ್ತಲಿನ ಹಳ್ಳಿಗಳಿಗೆ ಸುದ್ದಿ ಮುಟ್ಟಿಸುತ್ತಾರೆ. ಬಿದಿರಿನಿಂದ ಹೆಣೆದ, ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿರುವ ‘ಕೂಣಿ’ಯನ್ನು ಹೊತ್ತು ನೂರಾರು ಜನ ಏರಿಯ ಮೇಲೆ ಸಾಲುಗಟ್ಟುತ್ತಾರೆ. ಕೆಲವು ಊರುಗಳಲ್ಲಿ ಒಂದು ಕೂಣಿಗೆ ಇಷ್ಟೆಂದು ಹಣ ಪಡೆದು ಅದನ್ನು ದೇವರ ಕೆಲಸಕ್ಕೆ ಬಳಸುವ ರೂಢಿಯಿದೆ. ಪೂಜೆಯಾಗಿ ಸೂಚನೆ ದೊರೆತೊಡನೆ ಎಲ್ಲರೂ ಒಮ್ಮೆಲೇ ನೀರಿಗಿಳಿಯುತ್ತಾರೆ. ಯಾವ ಊರಿನವರು ಬರಬಹುದು, ಯಾರಿಗೆ ಮೊದಲ ಹಕ್ಕು, ಯಾರನ್ನು ಹೊರಗಿಡಲಾಗುತ್ತಿತ್ತು ಎಂಬ ಪ್ರಶ್ನೆಗಳು ಗ್ರಾಮಸಂಬಂಧಗಳ ಚರಿತ್ರೆಗೆ ಮುಖ್ಯವಾದವು. ಜಲಾನಯನದ ದೃಷ್ಟಿಯಿಂದ ನೋಡಿದರೆ ಕೆರೆಬೇಟೆಯು ಕೆರೆಯ ವಾರ್ಷಿಕ ತಪಾಸಣೆಯೂ ಆಗಿದೆ. ಹೂಳು ಎಷ್ಟು ತುಂಬಿದೆ, ತೂಬಿನ ಬಾಯಿ ಹೇಗಿದೆ, ಈ ವರ್ಷ ಯಾವ ಮೀನು ಕಡಿಮೆಯಾಗಿದೆ ಎಂಬುದನ್ನು ಕಾಲಿನಿಂದಲೂ ಕೈಯಿಂದಲೂ ಊರೇ ಪರೀಕ್ಷಿಸುವ ದಿನ ಅದು. ಮೃಗಶಿರದಲ್ಲಿ ಹಳ್ಳ ಹತ್ತಿದ ಮೀನಿನ ಮರಿಗಳು ಕೆರೆ ಸೇರಿದ್ದರೆ ಮಾತ್ರ ಮುಂದಿನ ಬೇಸಿಗೆಯ ಕೂಣಿ ತುಂಬುತ್ತದೆ. ಎರಡು ಋತುಗಳ ಈ ಎರಡು ಆಚರಣೆಗಳನ್ನು ಹಳ್ಳವೇ ಬೆಸೆದಿದೆ.

ಏರಿಯ ಭಯ ಮತ್ತು ಭಕ್ತಿ ಜನಪದ ಸಾಹಿತ್ಯದಲ್ಲಿಯೂ ದಟ್ಟವಾಗಿದೆ. ಭಾಗೀರಥಿಯ ಕಥೆಯನ್ನು ಹೇಳುವ ‘ಕೆರೆಗೆ ಹಾರ’ ಎಲ್ಲರಿಗೂ ಪರಿಚಿತ. ಮದಗದ ಕೆರೆಗೆ ಮಳೆ ಬಂದುದನ್ನು ವರ್ಣಿಸುವ ಪ್ರಸಿದ್ಧ ಗೀತೆಯನ್ನು ಮಾಸೂರಿನ ಮದಗಕ್ಕೂ ಕಡೂರು ಸೀಮೆಯ ಮದಗಕ್ಕೂ ಅನ್ವಯಿಸಿ ಹೇಳುವವರಿದ್ದಾರೆ. ಯಾವ ಕೆರೆಯ ಹಾಡೆಂದು ತೀರ್ಮಾನಿಸುವುದಕ್ಕಿಂತ, ಏರಿ ಒಡೆಯುವ ಭೀತಿಯು ಎಲ್ಲ ಕೆರೆಯೂರುಗಳ ಸಮಾನ ಅನುಭವವಾಗಿತ್ತೆಂಬುದನ್ನು ಗ್ರಹಿಸುವುದು ಹೆಚ್ಚು ಉಪಯುಕ್ತ. ಏರಿ ಒಡೆದರೆ ಗದ್ದೆಯೂ ದಾರಿಯೂ ಒಟ್ಟಿಗೆ ಹೋಗುತ್ತಿದ್ದವು.

ಏರಿಯಿಂದ ಮೋರಿಗೆ

ಇಪ್ಪತ್ತನೆಯ ಶತಮಾನದಲ್ಲಿ, ವಿಶೇಷವಾಗಿ ಅದರ ಉತ್ತರಾರ್ಧದಲ್ಲಿ, ದಾರಿಯು ನೀರಿನಿಂದ ಬೇರ್ಪಟ್ಟಿತು. ವರ್ಷದ ಹನ್ನೆರಡು ತಿಂಗಳೂ ಬಸ್ಸು, ಲಾರಿಗಳು ಓಡಾಡಬೇಕಾದರೆ ರಸ್ತೆಯನ್ನು ಎತ್ತರಿಸಿ, ಹಳ್ಳ ದಾಟುವಲ್ಲಿ ಮೋರಿಯನ್ನಿಡುವುದು ಅನಿವಾರ್ಯವಾಯಿತು. ಬಸುರಿಯರನ್ನೂ ರೋಗಿಗಳನ್ನೂ ಕಂಬಳಿಯ ಜೋಲಿಯಲ್ಲಿ ಹೊತ್ತು ಹಳ್ಳ ದಾಟಿದ ದಿನಗಳನ್ನು ನೆನೆಯುವ ಹಿರಿಯರು ಹಳೆಯ ದಾರಿ ಮರಳಲೆಂದು ಬಯಸುವುದಿಲ್ಲ. ಬಯಸಬೇಕೆಂದು ನಿರೀಕ್ಷಿಸುವ ಅಧಿಕಾರ ಸಂಶೋಧಕನಿಗೂ ಇಲ್ಲ. ಆದರೆ ಮೋರಿಯನ್ನು ಇರಿಸುವ ಕ್ರಮದಲ್ಲಿ ಮಳೆಗಾಲದ ತಿಳಿವಳಿಕೆ ಸೇರದೆ ಹೋದದ್ದು ಕ್ಷೇತ್ರದಲ್ಲಿ ಎದ್ದು ಕಾಣುತ್ತದೆ. ಕಿರಿದಾದ ಕೊಳವೆಯ ಮೂಲಕ ರಭಸದಿಂದ ಹೊರಬೀಳುವ ನೀರು ಕೆಳಬದಿಯ ಮಣ್ಣನ್ನು ಕೊರೆಯುತ್ತದೆ. ಕೆಲವೇ ವರ್ಷಗಳಲ್ಲಿ ಕೊಳವೆಯ ಬಾಯಿ ಹಳ್ಳದ ಮಟ್ಟಕ್ಕಿಂತ ಮೇಲೆ ನಿಲ್ಲುತ್ತದೆ. ಮಳೆನೀರು ಕೆಳಗಿಳಿಯುವುದಕ್ಕೆ ಅಡ್ಡಿಯಿಲ್ಲ. ಮೀನು ಮೇಲೇರುವುದಕ್ಕೆ ದಾರಿಯಿಲ್ಲ. ಇಂತಹ ಒಂದು ಮೋರಿಯ ಬಳಿ, ಕೆಳಗಿನ ಗುಂಡಿಯಲ್ಲಿ ಮೀನು ಸೇರುತ್ತವೆ, ಮೇಲಿನ ಗದ್ದೆಗೆ ಬರುವುದು ನಿಂತಿದೆ ಎಂದು ಊರಿನವರು ತೋರಿಸಿದರು. ಈ ಮಾತನ್ನು ಪರೀಕ್ಷಿಸಿ ನೋಡುವ ಸಮೀಕ್ಷೆ ಬೇಸಿಗೆಯಲ್ಲಿ ನಡೆದರೆ ಫಲವಿಲ್ಲ.

ಇದು ನಮ್ಮ ಸೀಮೆಯೊಂದರ ಸಮಸ್ಯೆಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಾಲ್ಮನ್ ಮೀನುಗಳು ಸಮುದ್ರದಿಂದ ಹೊಳೆ, ತೊರೆಗಳನ್ನೇರಿ ಬಂದು ಮೊಟ್ಟೆಯಿಡುತ್ತವೆ. ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳಿಗೆ ತಮ್ಮ ರೂಢಿಯ ಸ್ಥಳಗಳಲ್ಲಿ ಮೀನು ಹಿಡಿಯುವ ಹಕ್ಕನ್ನು 1854–55ರ ಒಪ್ಪಂದಗಳು ನೀಡಿದ್ದವು. ರಸ್ತೆಯ ಮೋರಿಗಳು ಮೀನಿನ ದಾರಿಯನ್ನು ತಡೆದರೆ ಆ ಹಕ್ಕಿಗೇ ಚ್ಯುತಿ ಬರುತ್ತದೆಯೆಂದು ಬುಡಕಟ್ಟುಗಳು ವಾದಿಸಿದವು. ಇಂತಹ ಮೋರಿಗಳನ್ನು ಸರಿಪಡಿಸುವಂತೆ 2013ರಲ್ಲಿ ನ್ಯಾಯಾಲಯ ಆದೇಶಿಸಿತು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಸಮವಾಗಿ ಒಡೆದುದರಿಂದ ಕೆಳಗಿನ ತೀರ್ಪೇ ಊರ್ಜಿತವಾಯಿತು. ಅಲ್ಲಿ ತೊರೆಗಳ ನೆಲೆ ಮತ್ತು ರಸ್ತೆಗಳ ಸಮೀಕ್ಷೆ ಜೊತೆಜೊತೆಯಾಗಿ, ಋತುಮಾನಕ್ಕೆ ತಕ್ಕಂತೆ ನಡೆಯುವ ಕ್ಷೇತ್ರಕಾರ್ಯವಾಗಿದೆ. ನಮ್ಮ ಹತ್ತುಮೀನು ಮತ್ತು ಕೆರೆಬೇಟೆಗಳಿಗೆ ಲಿಖಿತ ಒಪ್ಪಂದವಿಲ್ಲ. ಅವುಗಳ ಆಧಾರ ರೂಢಿ ಮಾತ್ರ. ರೂಢಿಯನ್ನು ದಾಖಲಿಸದಿದ್ದರೆ ಅದನ್ನು ಕಳೆದುಕೊಂಡುದಕ್ಕೂ ದಾಖಲೆಯಿರುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಮುಖ್ಯ ಬದಲಾವಣೆಯಾಗಿದೆ. ಶಿಕಾರಿಪುರ ತಾಲ್ಲೂಕಿನ ಉಡುಗಣಿ, ತಾಳಗುಂದ, ಹೊಸೂರು ಹೋಬಳಿಗಳ ಕೆರೆಗಳಿಗೆ ಏತ ನೀರಾವರಿಯ ಮೂಲಕ ತುಂಗಭದ್ರೆಯ ನೀರನ್ನು ತುಂಬಿಸುವ ಯೋಜನೆ ಕೈಗೂಡಿದೆ. ಮಳೆ ಕಡಿಮೆಯಾಗಿ ಕೆರೆಗಳು ಬರಿದಾಗುತ್ತಿದ್ದ ಪೂರ್ವಭಾಗದ ರೈತರಿಗೆ ಇದರಿಂದ ಆಸರೆ ದೊರೆತಿದೆ. ಚರಿತ್ರೆಯ ದೃಷ್ಟಿಯಿಂದ ಇದು ದೊಡ್ಡ ತಿರುವು. ಕಾಕುತ್ಸ್ಥವರ್ಮನ ಕಾಲದಿಂದಲೂ ಕೆರೆಯ ನೀರು ಹೊಳೆಗೆ ಇಳಿಯುತ್ತಿತ್ತು; ಈಗ ಹೊಳೆಯ ನೀರು ಕೆರೆಗೆ ಏರುತ್ತಿದೆ. ಬೇಸಿಗೆಯಲ್ಲಿಯೂ ಕೆರೆ ತುಂಬಿದ್ದರೆ ಕೆರೆಬೇಟೆಯ ದಿನ ಯಾವುದು, ಹೂಳು ತೆಗೆಯುವ ಕಾಲ ಯಾವುದು, ಬೇಸಿಗೆಯ ದಾರಿ ಎಲ್ಲಿ ಎಂಬ ಪ್ರಶ್ನೆಗಳಿಗೆ ಊರುಗಳು ಹೊಸ ಉತ್ತರ ಕಂಡುಕೊಳ್ಳಬೇಕಾಗಿದೆ.

ಕ್ಷೇತ್ರಕಾರ್ಯದ ಕ್ರಮವನ್ನು ಕುರಿತು

ಮೇಲಿನ ವಿವೇಚನೆಯ ಹಿನ್ನೆಲೆಯಲ್ಲಿ ಕೆಲವು ಸೂಚನೆಗಳನ್ನು ವಿದ್ವಾಂಸರ ಮುಂದೆ ಇರಿಸಬಹುದು. ಮೊದಲನೆಯದಾಗಿ, ಒಂದೇ ಊರನ್ನು ವರ್ಷದಲ್ಲಿ ಕನಿಷ್ಠ ಮೂರು ಬಾರಿ, ಅಂದರೆ ಕೆರೆ ಇಳಿದ ಬೇಸಿಗೆಯಲ್ಲಿ, ಹೊಸನೀರಿನ ಮೃಗಶಿರ–ಆರಿದ್ರಾಗಳಲ್ಲಿ ಮತ್ತು ಕೋಡಿ ಬಿದ್ದ ಮೇಲಿನ ಆಶ್ಲೇಷದ ಸುಮಾರಿನಲ್ಲಿ ಸಂದರ್ಶಿಸಬೇಕು. ಸೊರಬದ ಗುಡವಿಯ ಕೆರೆ ಇದಕ್ಕೆ ಒಳ್ಳೆಯ ಪಾಠ. 1989ರಲ್ಲಿ ಪಕ್ಷಿಧಾಮವಾಗಿ ಘೋಷಿತವಾದ ಈ ಕೆರೆಯಲ್ಲಿ ಬೆಳ್ಳಕ್ಕಿ, ಕೆಂಬರಲು ಮೊದಲಾದ ಹಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಮಾತ್ರ ನೋಡಿದವರಿಗೆ ಅದರ ಮಹತ್ವ ತಿಳಿಯುವಂತಿಲ್ಲ.

ಎರಡನೆಯದಾಗಿ, ಶಾಸನಗಳ ಎಲ್ಲೆಯ ವಿವರಗಳನ್ನು ಊರಿನ ಹಿರಿಯರೊಡನೆ ನಡೆದು ಗುರುತಿಸಬೇಕು. ಹಳ್ಳ, ಗದ್ದೆಬಯಲು, ಕಾನುಗಳ ಸ್ಥಳನಾಮಗಳು ಸರ್ವೆ ನಂಬರುಗಳ ಹಿಂದೆ ಮರೆಯಾಗುತ್ತಿವೆ. ಅವು ನಶಿಸುವ ಮೊದಲೇ ಸಂಗ್ರಹವಾಗಬೇಕು. ಮೂರನೆಯದಾಗಿ, 1868ರ ವರದಿಯ ಕಾನುಗಳಲ್ಲಿ ಯಾವುವು ಉಳಿದಿವೆ, ಅವುಗಳಿಂದ ಹೊರಡುವ ಹಳ್ಳಗಳು ಈಗ ಎಷ್ಟು ದಿನ ಹರಿಯುತ್ತವೆ ಎಂಬುದನ್ನು ಒಟ್ಟಿಗೆ ಪರಿಶೀಲಿಸಬೇಕು. ನಾಲ್ಕನೆಯದಾಗಿ, ಮೋರಿ ಮತ್ತು ಸೇತುವೆಗಳ ಯಾದಿಯಲ್ಲಿ ಮೀನಿನ ಸಂಚಾರವನ್ನು ಕುರಿತ ಸ್ಥಳೀಯರ ಮಾತಿಗೂ ಒಂದು ಅಂಕಣವಿರಬೇಕು. ಜಾನಪದ, ಶಾಸನಶಾಸ್ತ್ರ, ಜೀವವಿಜ್ಞಾನ ಮತ್ತು ಎಂಜಿನಿಯರಿಂಗ್ ಕ್ಷೇತ್ರಗಳವರು ಜೊತೆಯಾಗಿ ನಡೆದರೆ ಮಾತ್ರ ಇದು ಸಾಧ್ಯ.

ಸಮಾರೋಪ

ತಾಳಗುಂದದ ಕೆರೆಯಿಂದ ಬಳ್ಳಿಗಾವೆಯ ಕೋಡಿಯವರೆಗೆ, ಬುಕಾನನ್ನನ ದಿನಚರಿಯಿಂದ ಬ್ರಾಂಡಿಸ್–ಗ್ರಾಂಟರ ಕಾನುಗಳ ಎಣಿಕೆಯವರೆಗೆ ಈ ಸೀಮೆಯ ನೀರು ಮತ್ತು ದಾರಿಗಳನ್ನು ಕುರಿತ ಬರಹದ ಸಾಕ್ಷ್ಯ ಶ್ರೀಮಂತವಾಗಿದೆ. ಅದರಲ್ಲಿ ಕೊರತೆಯಾಗಿರುವುದು ಮಳೆಗಾಲ. ಆ ಕೊರತೆಯನ್ನು ತುಂಬಬಲ್ಲ ತಿಳಿವಳಿಕೆ ಕೂಣಿ ಹೊತ್ತು ಏರಿಯ ಮೇಲೆ ನಿಂತವರಲ್ಲಿ, ಸಂಕ ಹಾಕುವವರಲ್ಲಿ, ಹೊಸನೀರಿನ ರಾತ್ರಿ ಹಳ್ಳದ ದಂಡೆಯಲ್ಲಿ ಕಾಯುವವರಲ್ಲಿ ಇನ್ನೂ ಇದೆ. ಆದರೆ ಅವರಲ್ಲಿ ಬಹುಪಾಲು ಜನ ವೃದ್ಧರು. ಲೇಖಕನು ಮೊದಲ ಟಿಪ್ಪಣಿಯಲ್ಲಿ ‘ಹಳೆಯ ಗಾಡಿದಾರಿ’ ಎಂದು ಬರೆದುಕೊಂಡ ಸಾಲನ್ನು ಹೊಡೆದುಹಾಕದೆ, ಅದರ ಪಕ್ಕದಲ್ಲಿ ‘ಆರಿದ್ರಾದಲ್ಲಿ ಹಳ್ಳ’ ಎಂದು ಸೇರಿಸಿಕೊಂಡಿದ್ದಾನೆ. ಎರಡೂ ನಿಜವಾದುದರಿಂದ ಎರಡೂ ಉಳಿಯಬೇಕಾಗಿದೆ.